ಚಿನ್ನಿಯ ಕಿವಿ ನೋಡಿದವರು

ರಂಗಂಪೇಟೆಯ ದನದ ದವಾಖಾನೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದ ಒಬ್ಬರು ನಮ್ಮ ಓಣಿಯಲ್ಲೇ ಇದ್ದರು. ಎಮ್ಮೆಗಳನ್ನು ಹಿಡಿದು ಹಿಡಿದು ಅವರ ಕೈಗಳು ಮೊರದಷ್ಟು ಅಗಲವಾಗಿದ್ದವು. ಆದರೆ ಸಣ್ಣ ನಾಯಿಗಳ ಕಿವಿ ಸ್ವಚ್ಛ ಮಾಡುವಾಗ ಔಷಧದ ಬಾಟಲಿಯನ್ನು ಮೊದಲು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಬೆರಳಿಗೆ ಹತ್ತಿ ಸುತ್ತಿ, ಕಣ್ಣಿಗೆ ಕಾಣುವಷ್ಟನ್ನೇ ಒರೆಸುತ್ತಿದ್ದರು. "ಗಡಬಡ ಬ್ಯಾಡ್ರಿ, ಅದಕ್ಕೂ ಜೀವ ಅದ" ಎನ್ನುವುದು ಅವರ ಯಾವತ್ತಿನ ಮಾತು.

ನಮ್ಮ ಬಿಳಿ ಪೊಮೆರೇನಿಯನ್ ನಾಯಿ ಚಿನ್ನಿ ಒಂದು ದಿನ, ತಲೆ ಸವರಲು ಹೋದ ಅಪ್ಪನ ಕೈಯನ್ನೇ ಕಚ್ಚಿತು. ಅದನ್ನು ಕಕ್ಕೇರಾದ ಕಡೆ ಎಲ್ಲಾದರೂ ಬಿಟ್ಟುಬರುವುದೆಂದು ಅಪ್ಪ ಹಟ ಹಿಡಿದರು. ನಾನು ಅಳುತ್ತಾ ಅದನ್ನು ಎತ್ತಿಕೊಂಡು ಕಾಂಪೌಂಡರ್ ಮನೆಗೆ ಓಡಿದೆ. ಅಪ್ಪ ಸಿಟ್ಟಿನಿಂದ ಹಿಂದೆಯೇ ಬಂದರು.

ಕಾಂಪೌಂಡರು ನೆಲದ ಮೇಲೆ ಕೂತು, ಚಿನ್ನಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯ ಸುತ್ತಲ ಕೂದಲು ಕತ್ತರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಚಿಮಟದಿಂದ ಒಂದು ಹುಲ್ಲಿನ ಮುಳ್ಳನ್ನು ಹೊರಗೆಳೆದು ಅಪ್ಪನ ಅಂಗೈಯಲ್ಲಿಟ್ಟರು.

"ಇದು ನಿಮಗ ಕಚ್ಚಿಲ್ರಿ. ಕಿವಿ ನೋಯಾಕತ್ತದ ಅಂತ ಹೇಳ್ಯದ."

ಅಪ್ಪ ಅವರ ಪಕ್ಕದಲ್ಲಿ ನೆಲದ ಮೇಲೆ ಕೂತು, "ಇದರ ಕಿವಿ ದಿನಾ ಹೆಂಗ ನೋಡ್ಕೋಬೇಕು, ನನಗ ಒಮ್ಮೆ ತೋರಸ್ರಿ" ಎಂದರು.