ಶಿವನೆ ಮರದ ಕಾಲು

ಕಾಲು ಕಳೆದುಕೊಂಡವರಿಗೆ ಅಯ್ಯೋ ಪಾಪ ಎನ್ನುವವರಿಗೆ ಎಲ್ಲೂ ಬರವಿಲ್ಲ. ಅಯ್ಯೋ ಪಾಪವನ್ನು ಮೊಣಕಾಲಿಗೆ ಕಟ್ಟಿಕೊಂಡು ನಡೆಯುವುದಕ್ಕಂತೂ ಆಗುವುದಿಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮರದ ಕಾಲು ಮಾಡುತ್ತಿದ್ದ ಕಾಲಕ್ಕ ಆ ಮಾತನ್ನು ಒಬ್ಬರಿಗೂ ಆಡಿದವಳಲ್ಲ. ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಉಳಿದ ಮೋಟುಗಾಲನ್ನು ಸೋರೆಕಾಯಿ ಆರಿಸುವವಳ ಹಾಗೆ ಒತ್ತಿ ನೋಡುತ್ತಿದ್ದಳು. ಯಾರಾದರೂ ಮುದುಡಿಕೊಂಡರೆ, "ನಾಚ್ಕೋಬೇಡಿ, ನಿಮ್ಮ ಮುಖಕ್ಕಿಂತ ಇದೇ ಚೆನ್ನಾಗಿದೆ" ಎನ್ನುತ್ತಿದ್ದಳು.

ಅವಳಿಗೆ ಒಗ್ಗುವ ಮರ ಒಂದೇ, ಶಿವನೆ. ತೇಗ ಹೊತ್ತು ನಡೆದರೆ ಸೊಂಟ ಬೀಳುತ್ತದೆ. ಶಿವನೆ ಹಗುರ, ಉಳಿಗೆ ಬೆಣ್ಣೆ; ಸರಿಯಾಗಿ ಒಣಗಿತೆಂದರೆ ಬಾಗುವುದೂ ಇಲ್ಲ, ಸೀಳುವುದೂ ಇಲ್ಲ. ಆ ಕುಲದಲ್ಲಿ ನೆಟ್ಟಗೆ ಬೆಳೆಯುವ ಮರವೂ ಉಂಟು, ಬೇಲಿಯಲ್ಲಿ ನಿಂತು ಹೋಗಿಬರುವವರ ಬಟ್ಟೆ ಹರಿಯುವ ಮುಳ್ಳುಪೊದೆಯೂ ಉಂಟು. ಬಾಯಿ ತೆರೆದ ಹಳದಿ ಹೂ ನೋಡಿದರೆ ಮಾತ್ರ ಅಕ್ಕತಂಗಿಯರೆಂದು ತಿಳಿಯುತ್ತದೆ. ಇವೆಲ್ಲ ಪುದೀನ ಸೊಪ್ಪಿನ ಬಳಗವಂತೆ ಎಂದು ಯಾರೋ ಹೇಳಿದಾಗ ಅವಳು ತಲೆ ಎತ್ತದೆಯೇ, "ಎಲ್ಲರ ಮನೇಲೂ ಒಬ್ಬ ಉದ್ದ ಬೆಳೀತಾನೆ ಬಿಡಿ" ಎಂದಿದ್ದಳು.

ಒಮ್ಮೆ ಅವಳ ಹತ್ತಿರ ಒಬ್ಬ ಬಸ್ ಕಂಡಕ್ಟರ್ ಬಂದ. ಡಿಪೋದಲ್ಲಿ ಹಿಂದಕ್ಕೆ ಬಂದ ಬಸ್ಸಿನ ಚಕ್ರ ಅವನ ಎಡಗಾಲಿನ ಮೊಣಕಾಲ ಕೆಳಗಿನದನ್ನು ತೆಗೆದುಕೊಂಡು ಹೋಗಿತ್ತು. ಇನ್ನು ಮನೆಯಲ್ಲಿರು ಎಂದರು ಮೇಲಿನವರು. ಜೊತೆಯ ಕಂಡಕ್ಟರು, ಡ್ರೈವರುಗಳು ಗೇಟಿಗೆ ಅಡ್ಡ ಕೂತು, ಒಂದು ಬಸ್ಸನ್ನೂ ಹೊರಗೆ ಬಿಡದೆ, ಅವನಿಗೊಂದು ಪರೀಕ್ಷೆ ಗಿಟ್ಟಿಸಿದರು. ಓಡುವ ಬಸ್ಸಿನಲ್ಲಿ ಒಂದು ಟ್ರಿಪ್ ನಿಂತು ಟಿಕೆಟ್ ಹರಿದರೆ ಕೆಲಸ ಉಂಟು, ಬಿದ್ದರೆ ಇಲ್ಲ.

"ಇದೊಂದು ತಪ್ಪಿದ್ರೆ ಮುಗೀತಕ್ಕ" ಎಂದ.

"ಮುಗಿಯೋದು ಆಮೇಲೆ. ಮೊದ್ಲು ಕಾಲು ಚಾಚು."

ಕಾಲು ಚೆನ್ನಾಗಿಯೇ ಬಂತು. ಕೋಣೆಯಲ್ಲಿ ಮದುಮಗನ ಹಾಗೆ ನಡೆದ. ಕಾಲಕ್ಕನ ಗಂಡ ತಾನು ಹೊಲಿದ ಚರ್ಮದ ಪಟ್ಟಿಗಳನ್ನು ಬಿಗಿದು ಚಪ್ಪಾಳೆ ತಟ್ಟಿದ. ಮರುದಿನ ಅವನೂ ಕಾಲಕ್ಕನೂ ಜೊತೆಗಾರ ಕಂಡಕ್ಟರನೊಬ್ಬನ ಬಸ್ಸಿನಲ್ಲಿ ಅಭ್ಯಾಸಕ್ಕೆ ಹೊರಟರು. ಮೊದಲ ತಿರುವಿನಲ್ಲೇ ಅವನು ಮುಗ್ಗರಿಸಿ ಕಿಟಕಿ ಪಕ್ಕದ ಅಜ್ಜಿಯ ಮಡಿಲಲ್ಲಿ ಬಿದ್ದ.

"ಸೀಟು ಬೇಕಿದ್ರೆ ಕೇಳಪ್ಪ, ಮೈಮೇಲೆ ಬರ್ಬೇಡ" ಎಂದಳು ಅಜ್ಜಿ. ಬಸ್ಸಿಗೆ ಬಸ್ಸೇ ನಕ್ಕಿತು. ಅವನು ನಗಲಿಲ್ಲ.

ಕಾಲಕ್ಕನೂ ನಗಲಿಲ್ಲ. ಅವಳು ಆ ಜೊತೆಗಾರನ ಪಾದಗಳನ್ನೇ ನೋಡುತ್ತಿದ್ದಳು. ಅವನು ನಡೆಯುವುದು ಎರಡು ಹೆಜ್ಜೆ, ನಿಲ್ಲುವುದೇ ಹೆಚ್ಚು. ಕಾಲು ಅಗಲ, ಪಾದ ಹೊರಕ್ಕೆ, ಮೊಣಕಾಲು ಯಾವಾಗಲೂ ಒಂದಿಷ್ಟು ಬಾಗಿ, ತೊಡೆ ಸೀಟಿಗೆ ಒರಗಿ. ತಪ್ಪು ಅವಳಿಗೆ ಹೊಳೆಯಿತು. ನೆಲ ಅಲ್ಲಾಡದ ಕೋಣೆಯಲ್ಲಿ ನಿಲ್ಲಿಸಿ, ನೆಲ ಓಡುವವನಿಗೆ ಕಾಲು ಅಳೆದಿದ್ದಳು. ತೂಕ ನೋಡಿದ್ದಳು, ಎತ್ತರ ನೋಡಿದ್ದಳು, ಕೆಲಸ ಮಾತ್ರ ನೋಡಿರಲಿಲ್ಲ.

"ನಿನ್ನ ತಪ್ಪಲ್ಲ, ನನ್ನದು. ಇನ್ನೊಂದು ಮಾಡ್ತೀನಿ" ಎಂದಳು.

ಮಾಡುವುದು ಯಾವುದರಲ್ಲಿ? ಮೊದಲಿನದರಲ್ಲಿ ಪಾದವೂ ಕಾಲೂ ಒಂದೇ ಮೈಯಾಗಿ ಅಂಟಿದ್ದನ್ನು ತಿರುಗಿಸಲು ಬರುವುದಿಲ್ಲ. ಕೋಣೆಯಲ್ಲಿ ಉಳಿದದ್ದೆಲ್ಲ ಹಸಿ ದಿಮ್ಮಿ. ಒಣಗುವವರೆಗೆ ಪರೀಕ್ಷೆ ಕಾಯುತ್ತದೆಯೇ? ಅವಳು ಮನೆಗೆ ಹೋಗಿ ಮಂಚದ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದಳು. ಮದುವೆಗೆ ಅವಳಪ್ಪ ಮಾಡಿಕೊಟ್ಟ ಶಿವನೆಯ ಮಂಚ. ತಲೆಯ ಕಡೆಯ ಎರಡು ಕಂಬಗಳು ಒಂದು ಹಿಡಿಗೆ ಸಿಗದಷ್ಟು ದಪ್ಪ.

"ಏನೇ ಇದು, ನಿಮ್ಮಪ್ಪ ಆಸೆಪಟ್ಟು ಮಾಡಿದ್ದಲ್ವಾ?" ಎಂದ ಗಂಡ.

"ಒಳ್ಳೇ ಮರ ಹಾಕಿದ್ರು ರೀ. ಅದಕ್ಕೇ ಬೇಕು."

"ನಾನೆಲ್ಲಿ ಮಲಗ್ಲಿ?"

"ನೆಲ ಎಲ್ಲಿಗೂ ಓಡಿಹೋಗಿಲ್ಲ. ಗರಗಸದ ಆ ತುದಿ ಹಿಡ್ಕೊಳ್ಳಿ."

ಗೊಣಗುತ್ತಲೇ ಹಿಡಿದ. ಕಂಬಗಳನ್ನು ಸೇರಿಸಿ ಅಂಟಿಸಿ ಹೊಸ ಕಾಲು ಕಡೆದಳು. ಪಾದ ಹೊರಕ್ಕೆ, ಅಂಗಾಲು ಅಗಲ, ಮೊಣಕಾಲು ಬಾಗಿಯೇ ನಿಲ್ಲುವ ಹಾಗೆ. ಕಂಡಕ್ಟರ್ ತೊಟ್ಟು ನೋಡಿ ಮುಖ ಹುಳ್ಳಗೆ ಮಾಡಿದ.

"ಅಕ್ಕ, ಬಾತುಕೋಳಿ ಥರ ಆಗ್ತೀನಿ."

"ಆಗು. ನಿನಗೆ ಮದ್ವೆ ಆಗಿದೆ ತಾನೆ?"

ಪರೀಕ್ಷೆಯ ದಿನ ಡಿಪೋದ ಸಾಹೇಬ ಮುಂದಿನ ಸೀಟಿನಲ್ಲಿ ಕೂತ. ಕಾಲಕ್ಕ ಹಿಂದೆ ಕೂತಳು. ಕಂಡಕ್ಟರ್ ತೊಡೆಯನ್ನು ಸೀಟಿಗೊತ್ತಿ, ಬಾತುಕೋಳಿಯ ಹಾಗೆಯೇ, ಚಿಲ್ಲರೆ ಕೊಡುತ್ತ, ಬಾಗಿಲಲ್ಲಿ ನೇತಾಡುವವರನ್ನು ಬೈಯುತ್ತ ಸಾಗಿದ. ಇಳಿಜಾರಿನಲ್ಲಿ ನಾಯಿಯೊಂದು ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ನಿಂತವರೆಲ್ಲ ಗೋಣಿಚೀಲಗಳಂತೆ ಒಬ್ಬರ ಮೇಲೊಬ್ಬರು ವಾಲಿದರು. ಕಂಡಕ್ಟರ್ ವಾಲಲಿಲ್ಲ, ಬೀಳುತ್ತಿದ್ದ ಒಬ್ಬನ ಕಾಲರ್ ಹಿಡಿದು, "ಟಿಕೆಟ್ ತಗೊಂಡು ಬೀಳಪ್ಪ" ಎಂದ.

ಕೊನೆಯ ಸ್ಟಾಪಿನಲ್ಲಿ ಸಾಹೇಬ, "ನಾಳೆಯಿಂದ ಡ್ಯೂಟಿಗೆ ಬಾ" ಎಂದು ಇಳಿದುಹೋದ. ಜೊತೆಯವರು ಕೂಗಾಡಿದರು, ಬೆನ್ನು ತಟ್ಟಿದರು. ನಾಳೆಯವರೆಗೆ ತಡೆಯಲಾರದೆ, ವಾಪಸ್ ಟ್ರಿಪ್ಪೂ ತನ್ನದೇ ಎಂದು ಅವನು ಚೀಲ ಏರಿಸಿಕೊಂಡ.

ಕಾಲಕ್ಕ ಮಾತ್ರ ಅವನ ತುಟಿ ನೋಡಿದಳು. ಕಚ್ಚಿಕೊಂಡಿದ್ದ.

"ಕೂತ್ಕೋ. ಎಲ್ಲಿ ಉಜ್ತಿದೆ?"

"ಏನಿಲ್ಲಕ್ಕ."

"ಸುಳ್ಳು ಹೇಳೋದು ಸಾಹೇಬನ ಮುಂದೆ ಸಾಕು. ಬಿಚ್ಚು."

ಮೋಟುಗಾಲಿನ ಒಳಬದಿಯಲ್ಲಿ ಚರ್ಮ ಕೆಂಪಗಾಗಿತ್ತು. ಸೊಂಟದ ಗಂಟಿನಿಂದ ಸಣ್ಣ ಉಳಿ ತೆಗೆದು, ಮರದ ಕಾಲನ್ನು ಮಡಿಲಲ್ಲಿಟ್ಟುಕೊಂಡು, ಬಸ್ಸಿನ ಮೆಟ್ಟಿಲ ಮೇಲೆ ಕೂತೇ ಉಜ್ಜುವ ಜಾಗ ಕೆರೆಯತೊಡಗಿದಳು. ಬಸ್ಸು ತುಂಬಿತ್ತು. ಹತ್ತಿದವರು ಹೊತ್ತಾಯಿತೆಂದು ಗೊಣಗಿದರು, ಡ್ರೈವರ್ ಹಾರನ್ ಒತ್ತಿದ.

"ಹಾರನ್ ಹೊಡೀಬೇಡ ಮಾರಾಯ, ಕೈ ತಪ್ಪಿದ್ರೆ ನೀನೇ ಕಾಲು ಕೊಡ್ಬೇಕಾಗತ್ತೆ!"

ಹಾರನ್ ನಿಂತಿತು. ತೆಳ್ಳನೆಯ ಬಿಳಿ ಹೊಟ್ಟು ಮೆಟ್ಟಿಲ ಮೇಲೆ ಉದುರಿತು. ಬೆರಳಿಂದ ಸವರಿ, ಮತ್ತೊಮ್ಮೆ ಕೆರೆದು, ಊದಿ, ಅವನ ಕೈಗೆ ಕೊಟ್ಟಳು. ಅವನು ತೊಟ್ಟು, ಪಟ್ಟಿ ಬಿಗಿದು, ಎದ್ದು ನಿಂತು ಭಾರ ಹಾಕಿದ. ಈ ಸಲ ತುಟಿ ಕಚ್ಚಲಿಲ್ಲ. ಅವಳು ಮೆಟ್ಟಿಲಿಂದ ಎದ್ದು ಪಕ್ಕಕ್ಕೆ ಸರಿದಳು.

"ರೈಟ್!" ಎಂದು ಕೂಗಿದ.