ಬ್ಯಾಟರಿ ಪೆಟ್ಟಿಗೆ ಓಡಿದ ಬೆಳಗು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಂಬಿದವಳು ನಾನು. ಮದರಾಸಿನ ಅಡ್ಯಾರಿನ ಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಪವಾಡದ ಮಾತೆತ್ತಿದರೆ ಮೊದಲು ನಗುತ್ತಿದ್ದವಳೂ ನಾನೇ. ಹಾಗಾಗಿ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿತ್ತು. ನನ್ನ ಗಂಡ ರಂಗನಾಥ್ ಹಳೆಯ ಜೀಪೊಂದನ್ನು ಕೊಂಡಿದ್ದರು. ರಜೆ ಸಿಕ್ಕರೆ ಬೆಟ್ಟದ ಕಡೆ ಹೋಗಿ ಟೆಂಟ್ ಹಾಕುವ ಹುಚ್ಚು ಅವರಿಗೆ. ಮಗಳು ವೈದೇಹಿಗೆ ಒಂಬತ್ತು ವರ್ಷ, ಕೈಗೂಸಾಗಿದ್ದಾಗಿನಿಂದ ಉಬ್ಬಸ. ಉಸಿರು ಕಟ್ಟಿದಾಗ ನೆಬುಲೈಸರ್ ಹಚ್ಚಿ ಔಷಧದ ಆವಿ ಕೊಡಬೇಕು. ಅದಕ್ಕೆ ಕರೆಂಟ್ ಬೇಕು.

"ಜೀಪ್ ಬ್ಯಾಟರಿಗೇ ಒಂದು ಇನ್ವರ್ಟರ್ ಹಾಕಿದ್ರೆ ಪೋದುಮೇ, ಸಾಕಲ್ವಾ" ಎಂದರು ರಂಗನಾಥ್. ನಾವು ಮದರಾಸಿನ ಹಳೆಯ ಕನ್ನಡ ಮನೆತನದವರು, ಮಾತಿಗೊಂದು ತಮಿಳು ಪದ ಬೆರೆಯುತ್ತದೆ.

"ಪೋದಾದು ರೀ, ಸಾಕಾಗಲ್ಲ. ಬ್ಯಾಟರಿ ಇಳಿದುಹೋದ್ರೆ ಜೀಪೇ ಸ್ಟಾರ್ಟ್ ಆಗಲ್ಲ. ಆಮೇಲೆ ಮಗೂನ ಎತ್ಕೊಂಡು ನಡೀಬೇಕಾ?" ಎಂದೆ.

ಜನರೇಟರ್ ನೋಡಿದೆವು. ಅದರ ಹೊಗೆಯೇ ಅವಳಿಗೆ ವಿಷ. ಕೊನೆಗೆ ಪ್ಯಾರೀಸ್ ಕಾರ್ನರಿನ ಅಂಗಡಿಯೊಂದರಲ್ಲಿ, ಬ್ಯಾಟರಿ, ಇನ್ವರ್ಟರ್ ಎರಡೂ ಒಳಗಿರುವ ಹಿಡಿಕೆಯ ಪೆಟ್ಟಿಗೆ ಕೊಂಡೆವು. ಎಷ್ಟು ಹೊತ್ತು ಓಡಬಹುದೆಂದು ಕೌಂಟರಿನ ಮೇಲೇ ಲೆಕ್ಕ ಹಾಕಿ ನೋಡಿದೆ. ಮನೆಯಲ್ಲಿ ಇಡೀ ದಿನ ಚಾರ್ಜಿಗಿಟ್ಟು, ನೆಬುಲೈಸರ್ ಜೋಡಿಸಿ ಪರೀಕ್ಷಿಸಿದೆ. ಪೆಟ್ಟಿಗೆಯ ಹಸಿರು ದೀಪ ಹತ್ತಿ ಚೆನ್ನಾಗಿಯೇ ಓಡಿತು. ಗೋಡೆಯ ಪ್ಲಗ್ ತೆಗೆದು ಪರೀಕ್ಷಿಸಬೇಕಿತ್ತು, ಅದೊಂದನ್ನು ಮಾಡಲಿಲ್ಲ.

ನಾಗಲಾಪುರಂ ಬೆಟ್ಟದ ಬುಡದಲ್ಲಿ ಟೆಂಟ್ ಹಾಕಿದ ಮರುದಿನ ಬೆಳಗ್ಗೆ ಮಂಜು ದಟ್ಟವಾಗಿತ್ತು. ಕುಡಿಯುವ ನೀರು ತರಲು ರಂಗನಾಥ್ ಜೀಪಿನಲ್ಲಿ ಹಳ್ಳಿಗೆ ಹೋಗಿದ್ದರು. ವೈದೇಹಿ ಥಟ್ಟನೆ ಎದ್ದು ಕುಳಿತು ನನ್ನ ತೋಳು ಹಿಡಿದಳು.

"ಅಮ್ಮಾ, ಮೂಚ್ಚು ವಿಡ ಮುಡಿಯಲೆ" ಎಂದಳು. ಉಸಿರಾಡಲು ಆಗುತ್ತಿಲ್ಲ ಎನ್ನುತ್ತಿದ್ದಳು. ಶಾಲೆಯ ಅಭ್ಯಾಸ, ಹೆದರಿದಾಗ ಅವಳ ಬಾಯಿಗೆ ತಮಿಳೇ ಬರುತ್ತಿತ್ತು.

ಇನ್ಹೇಲರಿನಿಂದ ಏನೂ ಆಗಲಿಲ್ಲ. ತುಟಿ ನೀಲಿಗಟ್ಟುತ್ತಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಒಂದು ಕೊಳವೆ ಔಷಧ ಸುರಿದು, ಮಾಸ್ಕ್ ಕಟ್ಟಿ, ಪೆಟ್ಟಿಗೆಯ ಗುಂಡಿ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಹಸಿರು ದೀಪ ಹತ್ತಲಿಲ್ಲ. ಮೂರನೆಯ ಸಲ ಗುಂಡಿಯ ಮೇಲಿಂದ ಬೆರಳು ತೆಗೆಯದೆ, "ಓಡು, ಓಡು" ಎಂದು ಕಿರುಚಿದೆ. ಯಾರಿಗೆ ಹೇಳಿದೆನೋ ಗೊತ್ತಿಲ್ಲ. ನೆಬುಲೈಸರ್ ಗುರ್ ಎಂದು ಶುರುವಾಯಿತು.

ಹತ್ತು ನಿಮಿಷ ಓಡಿತು. ಔಷಧ ಮುಗಿದಾಗ ಇನ್ನೊಮ್ಮೆ ತುಂಬಿಸಿದೆ. ಮತ್ತೆ ಹತ್ತು ನಿಮಿಷ. ನಿಧಾನವಾಗಿ ಅವಳ ತುಟಿಗೆ ಬಣ್ಣ ಬಂತು. ದೀಪ ಮಾತ್ರ ಹತ್ತಲೇ ಇಲ್ಲ, ಬಲ್ಬ್ ಸುಟ್ಟಿರಬೇಕು ಅಂದುಕೊಂಡೆ. ರಂಗನಾಥ್ ಬಂದಾಗ ಅವಳು ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

ಮುಂದಿನ ವಾರ ದೀಪ ಸರಿಮಾಡಿಸಲು ಪೆಟ್ಟಿಗೆಯನ್ನು ಅದೇ ಅಂಗಡಿಗೆ ಒಯ್ದೆ. ಮೆಕ್ಯಾನಿಕ್ ಕಂಪನಿಯ ಸೀಲನ್ನು ನನ್ನೆದುರೇ ಹರಿದು ಮುಚ್ಚಳ ಬಿಚ್ಚಿದ. ಬಿಚ್ಚಿದವನು ಪೆಟ್ಟಿಗೆಯನ್ನು ನನ್ನ ಕಡೆ ತಿರುಗಿಸಿದ. ಬ್ಯಾಟರಿಯ ಒಂದು ತುದಿಗೆ ಹಾಕಿದ್ದ ಕೆಂಪು ರಬ್ಬರ್ ಟೋಪಿ ಹಾಗೇ ಇತ್ತು. ಅದಕ್ಕೆ ಸೇರಬೇಕಾದ ವಯರನ್ನು ಸುರುಳಿ ಸುತ್ತಿ, ದಾರ ಕಟ್ಟಿ, ಮೂಲೆಯಲ್ಲಿ ಇಟ್ಟಿದ್ದರು. ಕಂಪನಿ ಬಿಟ್ಟಾಗಿನಿಂದ ಆ ಬ್ಯಾಟರಿ ಯಾವುದಕ್ಕೂ ಸೇರಿರಲೇ ಇಲ್ಲ.

"ಮೇಡಂ, ಇದು ಗೋಡೆ ಕರೆಂಟಲ್ಲಿ ತಾನ್ ಓಡುಂ. ವೆಳಿಯೆ ಒರು ನಿಮಿಷಂ ಕೂಡ ಓಡಾದು" ಎಂದ. ನನಗಾಗಿ ಕನ್ನಡ ಸೇರಿಸಿ ಹೇಳಿದ್ದ: ಗೋಡೆಯ ಕರೆಂಟಿನಲ್ಲಿ ಮಾತ್ರ ಓಡುತ್ತದೆ, ಹೊರಗೆ ಇದು ಒಂದು ನಿಮಿಷವೂ ಓಡಲಾರದು.

"ಇಪ್ಪತ್ತು ನಿಮಿಷ ಓಡಿತಪ್ಪಾ" ಎಂದೆ. ಆತ ನಕ್ಕು ತಲೆಯಾಡಿಸಿದ. ನಾನು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದುದೂ ಹೀಗೆಯೇ ಇರಬೇಕು.

ರಂಗನಾಥ್, ಗಾಬರಿಯಲ್ಲಿ ನನಗೆ ಹಾಗನ್ನಿಸಿರಬೇಕು ಎಂದರು. ಅಂದು ಖಾಲಿಯಾದ ಎರಡು ಔಷಧದ ಕೊಳವೆಗಳನ್ನು ಚೀಲದಿಂದ ತೆಗೆದು ತೋರಿಸಿದೆ. ನೋಡದೇ ಹೋದದ್ದು ಏನಾದರೂ ಇದೆಯೇ ಎಂದು ಎಷ್ಟೋ ಸಲ ಮೊದಲಿಂದ ಯೋಚಿಸಿದ್ದೇನೆ. ಏನೂ ಸಿಕ್ಕಿಲ್ಲ.

ಅಂದು ಅಂಗಡಿಯಲ್ಲಿ ಮೆಕ್ಯಾನಿಕ್ ವಯರಿನ ದಾರ ಬಿಚ್ಚುತ್ತಾ, "ಸೇರಿಸಿಬಿಡಲಾ ಮೇಡಂ?" ಎಂದು ಕೇಳಿದ. ಸೇರದಿದ್ದಾಗಲೇ ಓಡಿತಲ್ಲ ಎನ್ನಿಸಿ, ಆ ವಯರಿನ ತುದಿಯನ್ನು ಒಮ್ಮೆ ಬೆರಳಿನಿಂದ ಮುಟ್ಟಿ ನೋಡಿದ ಮೇಲೆಯೇ ಸರಿ ಎಂದೆ.