ಕೋಟೆ ಗುಡ್ಡ ಏರಿದ ಹಡಗಿನ ಕಾಕಾ

ಮೊನ್ನೆ ಶಹಾಪುರ ಬಸ್‌ಸ್ಟ್ಯಾಂಡಿನ ಹೊರಗೆ ರಸ್ತೆಗೆ ಹಾಕಲು ಡಾಂಬರು ಕಾಸುತ್ತಿದ್ದರು. ಎಲ್ಲರೂ ಮೂಗು ಮುಚ್ಚಿಕೊಂಡು ದಾಟಿದರು. ನಾನೊಬ್ಬ ಮಾತ್ರ ಊದಿನಕಡ್ಡಿಯ ಹೊಗೆಯೋ ಎಂಬಂತೆ ಅದನ್ನು ಎದೆತುಂಬ ಎಳೆದುಕೊಳ್ಳುತ್ತ ನಿಂತೆ. ಹಡಗಿನ ಕಾಕಾರ ಹಗ್ಗಗಳಿಗೆ ಇದೇ ವಾಸನೆ ಇತ್ತು. ಅಷ್ಟರಲ್ಲಿ ಯಾದಗಿರಿ ಬಸ್ಸು ಹೋಗಿಬಿಟ್ಟಿತು...

ಕಾಕಾ ದೇವಾಪುರದವರು. ಮುಂಬೈಯ ಸರಕು ಹಡಗುಗಳಲ್ಲಿ ಮೂವತ್ತು ವರ್ಷ ಖಲಾಸಿಯಾಗಿದ್ದು, ಕಡೆಗೆ ಯಾದಗಿರಿಯ ನಮ್ಮ ಓಣಿಯಲ್ಲಿ ಬಾಡಿಗೆ ಮನೆ ಹಿಡಿದರು. ಸಮುದ್ರವಿಲ್ಲದ ಊರಿನಲ್ಲಿ ನಾವಿಕವಿದ್ಯೆಗೆ ಏನು ಕೆಲಸ? ಅವರು ಹಿರಿಯರು, ಅನುಭವಿಗಳು, ಆದರೆ ಯಾತಕ್ಕೂ ಬಾರದವರು ಎಂದು ಓಣಿ ಸರ್ವಾನುಮತದಿಂದ ತೀರ್ಮಾನಿಸಿತು.

ಆದರೆ ನಮ್ಮ ಬುದ್ಧವಿಹಾರದ ಕಮಿಟಿಗೆ ಅವರು ಬೇಕಾದರು. ನಮ್ಮ ಕಡೆಯ ಕೆಲವು ಕುಟುಂಬಗಳು ಕಲ್ಲು ಒಡೆಯುವ ಕೂಲಿಗೆಂದು ಕರಾವಳಿಯ ಒಂದು ನಡುಗಡ್ಡೆಗೆ ಹೋಗಿದ್ದವು. ಅಲ್ಲಿಯ ಮಕ್ಕಳಿಗೆ ಅಕ್ಷರ, ದೊಡ್ಡವರಿಗೆ ಧಮ್ಮದ ಮಾತು ಹೇಳಲು ವರ್ಷಕ್ಕೊಮ್ಮೆ ಪ್ರಚಾರಕರನ್ನು ಕಳಿಸುವುದೆಂದು ಠರಾವಾಯಿತು. ದೋಣಿಯಲ್ಲಿ ದಾಟಬೇಕು, ಆಮೇಲೆ ಗುಡ್ಡ ಹತ್ತಬೇಕು. ಠರಾವು ಮಾಡಿದವರಲ್ಲಿ ಯಾರೂ ಸಮುದ್ರ ಕಂಡವರಲ್ಲ. ಅದನ್ನು ಬರೆದ ಕಾರ್ಯದರ್ಶಿ ನಾನು, ಶಾಲೆಯ ಮಾಸ್ತರ.

ವಿಹಾರದ ಅಂಗಳದಲ್ಲಿ ಕಾಕಾರ ಪಾಠ ಶುರುವಾಯಿತು. ದೋಣಿ ಎಂದರೆ ಮಲಗುವ ಒಂದು ಹಳೆಯ ಹೊರಸು, ಹುಟ್ಟು ಎಂದರೆ ಎರಡು ಬಿದಿರಿನ ಗಳ. ಐದು ಜನ ಪ್ರಚಾರಕರು ಹೊರಸಿನ ಮೇಲೆ ಸಾಲಾಗಿ ಕೂತು ಬಿಸಿಲಿನಲ್ಲಿ ಬರೀ ಗಾಳಿಗೆ ಹುಟ್ಟು ಹಾಕುತ್ತಿದ್ದರು. ಎದುರುಮನೆಯ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ಕಾಕಾ, ಹಡಗ ಎಲ್ಲಿಗಿ ಮುಟ್ಟೇದ್ರಿ? ಊಟಕ್ಕ ಬರೂದಿದ್ರ ರೊಟ್ಟಿ ಬಡೀತೀನಿ."

"ಹವಾ ಎದುರಿಗದ ತಂಗಿ, ಸಂಜಿ ಆಗ್ತದ," ಎನ್ನುತ್ತಿದ್ದರು ಕಾಕಾ, ಕಣ್ಣು ಕಿರಿದು ಮಾಡಿ ಅವಳ ಮನೆಯ ಮಾಳಿಗೆಯಾಚೆ ದಿಗಂತ ಹುಡುಕುತ್ತ.

ಅವರ ಕಾಯಿದೆ ಒಂದೇ. ಹತ್ತು ಕಿಲೋ ಜೋಳದ ಚೀಲ ಹೊತ್ತು ಇಪ್ಪತ್ತೈದು ನಿಮಿಷದಲ್ಲಿ ಯಾದಗಿರಿಯ ಕೋಟೆ ಗುಡ್ಡ ಏರದವನು ದೋಣಿ ಹತ್ತಕೂಡದು. ದಮ್ಮಿಲ್ಲದವನು ನೀರಿನ ಮೇಲೆ ಉಳಿದವರಿಗೂ ಭಾರ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಏರಿಸಿದರು, ತಾವೂ ಏರಿದರು. ಗಡಿಯಾರ ಹಿಡಿಯುವ ಘನಕಾರ್ಯ ನನ್ನದು. ಅದಕ್ಕೆ ಚೀಲದ ವಿನಾಯಿತಿ ಇತ್ತು.

ಹೊರಡುವ ಹಿಂದಿನ ವಾರ ಕಡೆಯ ಪರೀಕ್ಷೆ. ಐವರೂ ಪಾಸಾದರು. ಆರನೆಯವರು ಕಾಕಾ. "ಇನ್ನೊಂದ್ ಸಲ ನೀರಿನ ಮ್ಯಾಲ ಕುಂತು ಬಂದ್ರ ಸಾಕು ಮಾಸ್ತರ," ಎಂದು ಹಿಂದಿನ ದಿನವೇ ಹೇಳಿದ್ದರು. ಹೀಗೆ ಅವರು ಬೇಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅರ್ಧ ದಾರಿಯ ತಿರುವಿನಲ್ಲಿ ಅವರು ಗೋಡೆಗೆ ಕೈಯೂರಿ ನಿಂತರು, ಕೋಟೆಯ ಕಲ್ಲುಗಳ ತಪಾಸಣೆಗೆ ಬಂದ ಅಧಿಕಾರಿಯ ಹಾಗೆ. ಮತ್ತೆ ಸ್ವಲ್ಪ ಮೇಲೆ ಇನ್ನೊಂದು ತಪಾಸಣೆ. ಆ ಉಸಿರಿನ ಸದ್ದು... ಒಣ ಬಾವಿಯಲ್ಲಿ ಯಾರೋ ಕೊಡ ಎಳೆದಾಡಿದಂತೆ. ತುದಿ ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಮೂವತ್ತೆಂಟು ನಿಮಿಷ.

"ಎಷ್ಟಾತು?"

"ಇಪ್ಪತ್ನಾಲ್ಕು ರಿ ಕಾಕಾ."

ಹಿರಿಯರ ಮುಖದ ಮೇಲೆ "ನಿಮ್ಮ ಕೈಲಿ ಆಗೂದಿಲ್ಲ" ಎನ್ನುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಕಾಕಾ ನನ್ನನ್ನೇ ನೋಡಿದರು.

"ಗಡಿಯಾರ ಛಲೋ ಅದ ಏನು ಮಾಸ್ತರ?"

"ಛಲೋ ಅದ ರಿ."

ಅವರು ನಾನು ನಿಮಿಷ ಬರೆದಿಡುವ ವಹಿ ತೆಗೆದುಕೊಂಡು ತಮ್ಮ ಹೆಸರಿನ ಮುಂದೆ ಇಪ್ಪತ್ನಾಲ್ಕು ಎಂದು ತಾವೇ ಬರೆದರು.

ಕಾರ್ಯದರ್ಶಿಯ ಹಕ್ಕಿನಿಂದ ನಾನೂ ಜೊತೆಗೆ ಹೋದೆ. ಮೂರನೆಯ ದಿನ ಇಳಿಹೊತ್ತಿನಲ್ಲಿ ವಾಪಸು ಬರುವಾಗ ಕಾಕಾ ಚುಕ್ಕಾಣಿ ಹಿಡಿದು ಹಿಂದೆ ಕೂತಿದ್ದರು. ಮಾತು ನಿಲ್ಲಿಸಿದರು. ಸಮುದ್ರ ನೋಡುತ್ತಿದ್ದಾರೆ ಎಂದುಕೊಂಡೆವು; ಅಷ್ಟು ವರ್ಷದ ಮೇಲೆ ನೋಡುವವರನ್ನು ಮಾತಾಡಿಸಬಾರದೆಂದು ಎಲ್ಲರೂ ಮರ್ಯಾದೆಯಿಂದ ಸುಮ್ಮನಿದ್ದೆವು. ದೋಣಿ ಮೆಲ್ಲಗೆ ಅಡ್ಡ ತಿರುಗಿದ ಮೇಲೆಯೇ ಗೊತ್ತಾದದ್ದು. ಕಣ್ಣು ತೆರೆದೇ ಇದ್ದವು. ಒಬ್ಬ ಪ್ರಚಾರಕಿ ಅವರ ಕೈಯ ಕೆಳಗಿನಿಂದ ಚುಕ್ಕಾಣಿ ಬಿಡಿಸಿಕೊಂಡಳು. ಹೊರಸಿನ ಮೇಲೆ ಕಲಿತದ್ದು ಒಂದೂ ತಪ್ಪಲಿಲ್ಲ, ದೋಣಿ ದಡ ಸೇರಿತು.

ಆ ಹದಿನಾಲ್ಕು ನಿಮಿಷಗಳ ವಿಷಯ ನಾನು ಯಾರಿಗೂ ಹೇಳಲಿಲ್ಲ. ಶೋಕಸಭೆಯಲ್ಲಿ, ಆ ವಯಸ್ಸಿನಲ್ಲೂ ಅವರು ಇಪ್ಪತ್ನಾಲ್ಕು ನಿಮಿಷಕ್ಕೆ ಗುಡ್ಡ ಏರಿದ್ದರೆಂದು ಭಾಷಣ ಮಾಡಿದವನೂ ನಾನೇ. ಚಪ್ಪಾಳೆ ಬಿತ್ತು. ಈಗಲೂ ಕೋಟೆಯ ಆ ತಿರುವಿನಲ್ಲಿ ಹಿಂದೆ ಯಾರೋ ಗೋಡೆಗೆ ಕೈಯೂರಿ ನಿಂತಿರುತ್ತಾರೆ... ನಾನು ತಿರುಗಿ ನೋಡುವುದಿಲ್ಲ.

ಈಗ ನನಗೆ ಅವರದೇ ವಯಸ್ಸು. ಕಾಯಿದೆ ಇನ್ನೂ ಜಾರಿಯಲ್ಲಿದೆ. ಕಾರ್ಯದರ್ಶಿಗೆ ಇದ್ದ ವಿನಾಯಿತಿಯನ್ನು ಹೊಸ ಕಮಿಟಿ ರದ್ದು ಮಾಡಿದೆ. ನಿನ್ನೆ ಬೆಳಿಗ್ಗೆ ಚೀಲ ಹೊತ್ತು ಏರಿದೆ. ಮೇಲೆ ಸಮಯ ನೋಡಲು ನಿಂತಿದ್ದವಳು ನನ್ನ ಹಳೆಯ ವಿದ್ಯಾರ್ಥಿನಿ. ಫೋನನ್ನು ಓಢಣಿಯೊಳಗೆ ಸರಿಸಿ ನಕ್ಕಳು. "ಇಪ್ಪತ್ನಾಲ್ಕು ರಿ ಸರ್! ಪಾಸ್!"

ಏನು ಪ್ರೀತಿ ಆ ಮುಖದಲ್ಲಿ. ಆದರೆ ನನ್ನ ಎದೆಗೆ ಲೆಕ್ಕ ಗೊತ್ತಿತ್ತು, ಅದಕ್ಕೆ ಗಡಿಯಾರ ಬೇಕಿರಲಿಲ್ಲ. ಹಾಗಾದರೆ ಅಂದು ಅವರ ಎದೆಗೂ ಗೊತ್ತಿತ್ತು. ಗೊತ್ತಿದ್ದೇ ಅವರು ಗಡಿಯಾರದ ನೆಪದಲ್ಲಿ ನನ್ನನ್ನು ಎರಡನೆಯ ಸಲ ಕೇಳಿದ್ದರು.

"ಫೋನ್ ತೋರ್ಸವ್ವಾ," ಎಂದೆ.

ನಲವತ್ತೊಂದು. ಆಕೆ ತಲೆ ತಗ್ಗಿಸಿದಳು. "ನೀವು ಬರ್ಲಿಲ್ಲಂದ್ರ ಹ್ಯಾಂಗ್ರಿ ಸರ್..."

"ನಲವತ್ತೊಂದು ಅಂತ ಬರಿ, ತಂಗಿ."

ಬರೆದಳು. ಮುಂದಿನ ವಾರ ದೋಣಿ ನನ್ನನ್ನು ಬಿಟ್ಟು ಹೊರಡುತ್ತದೆ. ಅಂದು ಕಾಕಾರನ್ನೂ ಹೀಗೇ ಬಿಟ್ಟು ಹೊರಡಬೇಕಿತ್ತು.